ಅರಗಿನಲ್ಲಿ ಬರೆದ ಸಿನಿಮಾ

ಹೋದ ತಿಂಗಳು ಚನ್ನಪಟ್ಟಣದ ನಮ್ಮ ಬೊಂಬೆ ಲೇತ್ ಶೆಡ್ಡನ್ನು ಖಾಲಿ ಮಾಡಲು ಹೋಗಿದ್ದೆವು. ನಮ್ಮನೆಯವರು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಸೇರಿ, ನಾವು ಕನಕಪುರದಲ್ಲಿ ಮನೆ ಮಾಡಿ ವರ್ಷಗಳೇ ಆಗಿದ್ದರೂ ಆ ಶೆಡ್ಡನ್ನು ಮಾತ್ರ ಬಿಟ್ಟಿರಲಿಲ್ಲ. ಯಾಕೆ ಅಂತ ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೊನೆಗೆ ಜಾಗದ ಮಾಲೀಕರೇ ಫೋನ್ ಮಾಡಿ, ಅಲ್ಲಿ ಮಳಿಗೆ ಕಟ್ಟಿಸುತ್ತೇವೆ, ಸಾಮಾನು ಎತ್ತಿಕೊಳ್ಳಿ ಅಂದರು. ಹೋಗಿದ್ದು ಬೇಸಿಗೆಯ ಮಧ್ಯಾಹ್ನ. ತಗಡಿನ ಸೂರು ಕಾದು ಕೆಂಡವಾಗಿತ್ತು. ಷಟರ್ ಎತ್ತಿದ್ದೇ ತಡ, ಒಳಗಿನ ವಾಸನೆ ಮುಖಕ್ಕೆ ಬಂದು ಬಡಿಯಿತು.

ಅರಗಿನ ವಾಸನೆ. ಮರದ ಬೊಂಬೆಗೆ ಬಣ್ಣ ಕೂರಿಸುವ ಅರಗು. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಗೊತ್ತಿಲ್ಲದವರಿಗೆ ಆ ವಾಸನೆ ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ಹಿಂದೆ ಅಂಚೆ ಕಚೇರಿಯಲ್ಲಿ ಪಾರ್ಸಲ್ಲಿಗೆ ಮುದ್ರೆ ಒತ್ತುವಾಗ ಬರುತ್ತಿತ್ತಲ್ಲ, ಅದರ ಜೊತೆಗೆ ಹಸಿ ಮರದ ಹೊಟ್ಟಿನ ವಾಸನೆ ಸೇರಿಸಿಕೊಳ್ಳಿ. ಹೊಸ್ತಿಲ ಮೇಲೆ ಕೂತುಬಿಟ್ಟೆ.

ನಮ್ಮನೆಯವರು ಅಟ್ಟದ ಮೇಲಿನಿಂದ ಒಂದು ದುಂಡನೆಯ ತಗಡಿನ ಡಬ್ಬಿ ಇಳಿಸಿ, ಧೂಳು ಒರೆಸಿ, ನನ್ನ ಮಡಿಲಲ್ಲಿಟ್ಟು, ಲೇತ್ ಬಿಚ್ಚಲು ಹೋದರು. ಆ ಡಬ್ಬಿಯಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು.

ಅದು ಸಿರಿ ಹೋದ ಮರುವರ್ಷದ ಮಾತು. ಸಿರಿ ನಮ್ಮ ಮಗಳು, ಒಬ್ಬಳೇ ಮಗಳು. ಒಂದನೇ ಕ್ಲಾಸಿನಲ್ಲಿದ್ದಳು. ಮಳೆಗಾಲದಲ್ಲಿ ಜ್ವರ ಬಂತು, ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ವಾಪಸ್ ತಂದೆವು. ಅಷ್ಟೇ ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ಇವತ್ತಿಗೂ ನನ್ನಿಂದ ಆಗುವುದಿಲ್ಲ.

ಆಗ ನಮ್ಮ ಮನೆ ಚನ್ನಪಟ್ಟಣದಲ್ಲೇ, ಈ ಶೆಡ್ಡಿನ ಮುಂದೆಯೇ. ನಾನು ರಾಮನಗರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಬಿಟ್ಟುಬಿಟ್ಟೆ. ಬೆಳಗ್ಗೆ ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಎರಡು ಜಡೆ ಕಂಡರೆ ಸಾಕು, ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಟೀವಿ. ನಮ್ಮ ಧಾರಾವಾಹಿಯವರಿಗೆ, ಸಿನಿಮಾದವರಿಗೆ ಕಥೆಯಲ್ಲಿ ಒಂದು ಮಗು ಬೇಕೇ ಬೇಕು ನೋಡಿ. ಆ ಮಗುವಿಗೆ ಜ್ವರ ಬರಲೇಬೇಕು, ತಾಯಿ ದೇವರ ಮುಂದೆ ಗಂಟೆ ಹೊಡೆಯಲೇಬೇಕು, ಮಗು ಕಣ್ಣು ಬಿಡಲೇಬೇಕು. ಮನಸ್ಸು ಹಗುರವಾಗಲಿ ಅಂತ ನನ್ನ ತಂಗಿ ಒಂದು ಸಲ ಕಾಮಿಡಿ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಇಂಟರ್‌ವಲ್ಲಿಗೆ ಮೊದಲೇ ಅದರಲ್ಲೂ ಒಂದು ಮಗು ಕಳೆದುಹೋಯಿತು. ಇವರ ಬಾಯಿಗೆ ಮಣ್ಣು ಹಾಕ ಅಂತ ಬೈದುಕೊಂಡು, ಸಾಲಿನಲ್ಲಿದ್ದವರ ಕಾಲೆಲ್ಲ ತುಳಿದುಕೊಂಡು ಎದ್ದು ಬಂದೆ. ಅಲ್ಲಿಂದಾಚೆಗೆ ಕಥೆ ಅಂದರೇ ಆಗುತ್ತಿರಲಿಲ್ಲ.

ಶಾಲೆಯಲ್ಲಿ ಜೊತೆಗಿದ್ದ ಡ್ರಾಯಿಂಗ್ ಮೇಷ್ಟ್ರು ನಜೀರ್ ಸರ್ ಒಂದು ದಿನ ಮನೆಗೆ ಬಂದರು. ಬಂದವರೆಲ್ಲ ದೇವರ ಇಚ್ಛೆ, ಋಣ ಅಷ್ಟೇ ಇತ್ತು, ಇನ್ನೊಂದು ಆಗುತ್ತೆ ಬಿಡಿ ಅನ್ನುತ್ತಿದ್ದ ಕಾಲ. ಇವರು ಅದ್ಯಾವುದನ್ನೂ ಅನ್ನಲಿಲ್ಲ. ಕಾಫಿ ಕುಡಿದು ಏಳುವಾಗ, ಭಾನುವಾರ ಮಧ್ಯಾಹ್ನ ನಮ್ಮ ಶೆಡ್ಡಿನಲ್ಲಿ ಸಿನಿಮಾ ತೋರಿಸ್ತೀನಿ, ಬನ್ನಿ ಅಂದರು. ನನಗೆ ಸಿಟ್ಟೇ ಬಂತು. ಸಿನಿಮಾ ನೋಡೋ ಹೊತ್ತಾ ಸರ್ ನಮಗೆ ಅಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, "ಇದ್ರಲ್ಲಿ ಕಥೆ ಇರಲ್ಲ ಮೇಡಂ. ನಿಮಗೆ ಏನೂ ಅರ್ಥ ಆಗೋದೂ ಬೇಕಿಲ್ಲ," ಅಂದರು. ಆ ಮಾತಿಗೇ ನಾನು ಹೋದದ್ದು.

ನಜೀರ್ ಸರ್ ಅಪ್ಪನ ಕಾಲದಲ್ಲಿ ಅದು ರೇಷ್ಮೆ ನೂಲು ತೆಗೆಯುವ ಶೆಡ್. ಕೆಲಸ ನಿಂತು ಎಷ್ಟೋ ಕಾಲವಾಗಿದ್ದರೂ ಬೇಯಿಸಿದ ಗೂಡಿನ ವಾಸನೆ ಗೋಡೆ ಬಿಟ್ಟಿರಲಿಲ್ಲ. ಕಿಟಕಿಗೆ ಗೋಣಿಚೀಲ, ಎದುರಿಗೆ ಸುಣ್ಣದ ಗೋಡೆ. ಹಿಂದೆಲ್ಲ ಸರ್ಕಾರದವರು ಹಳ್ಳಿಹಳ್ಳಿಗೆ ಹೋಗಿ ಪ್ರಚಾರದ ಚಿತ್ರ ತೋರಿಸುತ್ತಿದ್ದರಲ್ಲ, ಅಂಥದೊಂದು ಹಳೇ ಪ್ರೊಜೆಕ್ಟರು ಗುಜರಿಯಲ್ಲಿ ಸಿಕ್ಕಿದ್ದನ್ನು ಅವರು ರಿಪೇರಿ ಮಾಡಿ ಇಟ್ಟುಕೊಂಡಿದ್ದರು. ಬೆಂಗಳೂರಿನ ಯಾರೋ ಗೆಳೆಯರಿಂದ ರೀಲು ತರುತ್ತಿದ್ದರು. ರೀಲು ಸಿಗದ ವಾರ ಲ್ಯಾಪ್‌ಟಾಪ್. ನೋಡಲು ಬರುತ್ತಿದ್ದವರು ಬೆರಳೆಣಿಕೆಯ ಜನ. ರಾಮನಗರದ ಬಂಡೆ ತುಂಬ ಶೂಟಿಂಗ್ ನೋಡಿ ಬೆಳೆದ ಜನಕ್ಕೆ ಇದೇನು ಸಿನಿಮಾ ಅನಿಸುತ್ತಿರಲಿಲ್ಲ. ಫೈಟಿಲ್ಲ, ಹಾಡಿಲ್ಲ, ಮಾತೂ ಇಲ್ಲ. ಬಂದವರು ಒಂದೆರಡು ವಾರ ಕೂತು, ತಲೆ ಕೆರೆದುಕೊಂಡು, ಮೂರನೇ ವಾರಕ್ಕೆ ಬರುತ್ತಿರಲಿಲ್ಲ. ನಾನು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಆ ಚಿತ್ರಗಳು ಇವತ್ತಿಗೂ ಕಣ್ಣ ಮುಂದಿವೆ. ಒಂದರಲ್ಲಿ ಒಬ್ಬ ಮನುಷ್ಯ ಬೀರು ತೆರೆಯುತ್ತಾನೆ. ಒಳಗೆ ಸಮುದ್ರ. ಅದರೊಳಕ್ಕೆ ಕೈ ಹಾಕಿ ತನ್ನ ಒದ್ದೆ ಶರ್ಟು ತೆಗೆದು, ಹಿಂಡಿ, ಹಾಕಿಕೊಂಡು, ಬೀರುವಿಗೆ ಬೀಗ ಜಡಿದು ಆಫೀಸಿಗೆ ಹೋಗುತ್ತಾನೆ. ಇನ್ನೊಂದರಲ್ಲಿ ಒಂದು ಮನೆಯ ಕುರ್ಚಿಗಳೆಲ್ಲ ಬೆಳಗ್ಗೆ ಎದ್ದು, ಒಂದರ ಹಿಂದೊಂದು ಬೀದಿಗೆ ಇಳಿದು, ಹೊಳೆಯ ದಂಡೆಗೆ ಹೋಗಿ ಸಾಲಾಗಿ ನಿಲ್ಲುತ್ತವೆ. ಯಾರೂ ಬಂದು ಕೂರುವುದಿಲ್ಲ. ಸಾಯಂಕಾಲ ವಾಪಸ್ ಬರುತ್ತವೆ. ಮತ್ತೊಂದರಲ್ಲಿ ಹೆಂಗಸೊಬ್ಬಳು ತಲೆ ಬಾಚಿದರೆ ಕೂದಲಿನಿಂದ ಬೀಗದ ಕೈಗಳು ಉದುರುತ್ತವೆ. ಆ ಮನೆಯ ಒಂದು ಬಾಗಿಲಿಗೂ ಬೀಗವಿಲ್ಲ. ಯಾಕೆ, ಏನು ಅಂತ ಕೇಳುವ ಹಾಗಿರಲಿಲ್ಲ. ಯಾರೂ ಹುಟ್ಟುತ್ತಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ, ಯಾರೂ ಆಸ್ಪತ್ರೆಗೆ ಓಡುತ್ತಿರಲಿಲ್ಲ. ನನ್ನ ಬುದ್ಧಿ ಆ ವರ್ಷ ಇದ್ದದ್ದೂ ಹಾಗೆಯೇ. ಸಿರಿಯ ತಟ್ಟೆ ತೊಳೆದಿಟ್ಟು, ಅವಳಿಲ್ಲ ಅಂತ ನೆನಪಾಗಿ, ಮತ್ತೆ ತೊಳೆಯುತ್ತಿದ್ದೆ. ಆ ಕತ್ತಲಲ್ಲಿ ಕೂತಾಗ ಮಾತ್ರ ನನಗೆ ಹುಚ್ಚು ಹಿಡಿದಿಲ್ಲ ಅನಿಸುತ್ತಿತ್ತು.

ನಮ್ಮ ಅತ್ತೆ ಕೆಂಪಮ್ಮನವರು ಜಗಳಗಂಟಿಯಲ್ಲ. ಮೊಮ್ಮಗಳು ಹೋದ ಮೇಲೆ ಅವರೂ ಅರ್ಧ ಆಗಿದ್ದರು. ಭಾನುವಾರ ಸೊಸೆ ಬಸ್ಸು ಹತ್ತಿ ಎಲ್ಲಿಗೆ ಹೋಗುತ್ತಾಳೆ ಅಂತ ಬೀದಿಯವರು ಕೇಳಿದರೆ ಅವರೇ ಬಾಯಿ ಮುಚ್ಚಿಸುತ್ತಿದ್ದರು. ಒಂದು ದಿನ ನನ್ನನ್ನು ಕೂರಿಸಿಕೊಂಡು ಅಂಥದ್ದೇನು ತೋರಿಸುತ್ತಾರೆ ಅಂದರು. ಬೀರುವಿನ ಸಮುದ್ರದ ವಿಷಯ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, ಇದರಲ್ಲೇನು ಬಂತು, ನನಗೆ ದಿನಾ ಬೀಳುವ ಕನಸೆಲ್ಲ ಹಾಗೇ ಇರುತ್ತೆ ಅಂದರು. ಆಮೇಲೆ ಮೆಲ್ಲಗೆ, ಅದರಲ್ಲಿ ಕೂಸು ಬರುತ್ತಾ ಅಂತ ಕೇಳಿದರು. ಇಲ್ಲ ಅಂದೆ. ಸರಿ ಹೋಗಿದ್ದು ಬಾ ಅಂದರು.

ಆದರೆ ಒಂದು ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ ಬಿತ್ತು. ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತೇವೆ. ಹಿರಿಯರು ಬಂದು ಉಂಡು ಹೋದರು ಅಂತ ಆದ ಮೇಲೆಯೇ ಬಾಗಿಲು ತೆಗೆಯುವುದು. ಸಿರಿ ಹೋದ ವರ್ಷ ಸೂತಕವೆಂದು ಹಬ್ಬ ಮಾಡಿರಲಿಲ್ಲ. ಈ ಸಲ ಅವಳಿಗೂ ಒಂದು ಎಡೆ ಇಡಬೇಕು ಅಂತ ನಾನು ಶ್ರಾವಣದಲ್ಲೇ ಮನಸ್ಸು ಮಾಡಿದ್ದೆ. ಅವಳ ಫೋಟೋ ಗೋಡೆಗೆ ಹಾಕಿರಲಿಲ್ಲ, ಮಕ್ಕಳದ್ದು ಹಾಕಬಾರದಂತೆ. ಅವಳ ಬಟ್ಟೆ, ಬ್ಯಾಗು ಎಲ್ಲ ಕೊಟ್ಟುಬಿಟ್ಟಿದ್ದರು. ವರ್ಷಕ್ಕೊಂದು ದಿನವಾದರೂ ಈ ಮನೆಯಲ್ಲಿ ಅವಳದ್ದು ಅಂತ ಒಂದು ಜಾಗ ಬೇಡವೇ? ನನಗೆ ಆ ವರ್ಷ ಬೇಕಾಗಿದ್ದುದು ಅದೊಂದೇ.

ಅತ್ತೆ ಒಪ್ಪಲಿಲ್ಲ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ನಾನು ಊಟ ಬಿಟ್ಟು ಕೂತಾಗ ಪಕ್ಕದಲ್ಲಿ ಬಂದು ಕೂತು ಹೇಳಿದರು.

"ಹಿರೀಕ್ರ ಸಾಲ್ನಲ್ಲಿ ಕೂಸ್ಗೆ ಎಡೆ ಇಕ್ಬಾರ್ದು ಕಣವ್ವ. ವರ್ಸ ವರ್ಸ ಕರ್ದು ಕೂರ್ಸ್ಕಂಡ್ರೆ ಅದು ಇನ್ನೊಬ್ರ ಮಡ್ಲಿಗೆ ಹೋಗದೆಂಗೆ? ಹುಟ್ಬೇಕಲ್ವಾ ಅದು."

"ಇನ್ನೊಬ್ರ ಮಡ್ಲಿಗೆ ಯಾಕತ್ತೆ ಹೋಗ್ಬೇಕು?" ಅಂದೆ. "ನಂಗೆ ಅದೇ ಬೇಡ."

ಅತ್ತೆ ಕಣ್ಣೊರೆಸಿಕೊಂಡು ಎದ್ದು ಹೋದರು. ಎಡೆ ಇಡದಿದ್ದರೆ ಹಬ್ಬದ ದಿನ ನಾನು ಈ ಮನೆಯಲ್ಲಿ ಇರುವುದಿಲ್ಲ, ಮಾಗಡಿ ಕಡೆಯ ಕೆಂಪಾಪುರಕ್ಕೆ, ನಮ್ಮ ತಾಯಿ ಮನೆಗೆ ಹೋಗುತ್ತೇನೆ, ಮತ್ತೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ ಅಂತ ನಮ್ಮನೆಯವರಿಗೆ ಹೇಳಿದೆ. ಬಾಯಿಮಾತಿಗೆ ಹೇಳಿದ್ದಲ್ಲ. ನಮ್ಮನೆಯವರ ಹೆಸರು ಶಿವಲಿಂಗ. ಮಾತು ಕಡಿಮೆ. ಸಿರಿ ಹೋದ ಮೇಲಂತೂ ಲೇತಿನ ಮುಂದೆ ಕೂತರೆ ಕೂತರು, ಎದ್ದರೆ ಎದ್ದರು. "ಅವ್ವನ್ ಮಾತೂ ಮೀರಕ್ಕಾಗಲ್ಲ, ನಿನ್ ಮುಖಾನೂ ನೋಡಕ್ಕಾಗಲ್ಲ," ಅಂದರು. ಆ ವಾರ ನನ್ನ ಜೊತೆಗೆ ಅವರೂ ರಾಮನಗರದ ಬಸ್ಸು ಹತ್ತಿದರು. ಎಲ್ಲಿ ಅಲ್ಲಿಂದಲೇ ಮಾಗಡಿ ಬಸ್ಸು ಹತ್ತಿಬಿಡುತ್ತಾಳೋ ಅಂತ ಹೆದರಿಕೆ.

ಶೆಡ್ಡಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮೊದಲನೇ ಚಿತ್ರಕ್ಕೇ ಗೊರಕೆ ಹೊಡೆದರು. ನನಗೆ ನಾಚಿಕೆ. ಎರಡನೆಯದು ಕ್ಯಾಮೆರಾ ಇಲ್ಲದೆ ಮಾಡಿದ ಚಿತ್ರ. ಯಾರೋ ಪುಣ್ಯಾತ್ಮ ಬರಿಯ ಫಿಲ್ಮಿನ ಪಟ್ಟಿಯ ಮೇಲೇ ಬಣ್ಣ ಬಳಿದು, ಗೀರಿ, ಅದನ್ನೇ ಓಡಿಸಿದ್ದ. ಗೋಡೆ ತುಂಬ ಬಣ್ಣ ಹೊಯ್ದಾಡುತ್ತಿತ್ತು. ಗೊರಕೆ ನಿಂತಿತು. ತಿರುಗಿ ನೋಡಿದರೆ ಇವರು ಎದ್ದು ನಿಂತಿದ್ದಾರೆ. ಮುಗಿದ ಮೇಲೆ ಸೀದಾ ಪ್ರೊಜೆಕ್ಟರ್ ಹತ್ತಿರ ಹೋಗಿ ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬಸ್ಸಿನಲ್ಲಿ ಬರುವಾಗ, ಇದು ನಮ್ಮ ಕೆಲಸವೇ ಕಣೆ, ತಿರುಗೋದರ ಮೇಲೆ ಬಣ್ಣ ಹಾಕೋದು ಅಂದರು. ಅಷ್ಟು ದಿನದ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು ಅದು.

ತಾನೂ ಅಂಥದ್ದೊಂದು ಮಾಡುತ್ತೇನೆ ಅಂತ ನಮ್ಮನೆಯವರು ಕೇಳಿದ್ದಕ್ಕೆ ನಜೀರ್ ಸರ್ ಒಂದು ಹಳೇ ಪ್ರಚಾರದ ರೀಲು ಕೊಟ್ಟರು. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿ ಉಜ್ಜಿದರೆ ಅದರ ಮೇಲಿನ ಚಿತ್ರವೆಲ್ಲ ಹೋಗಿ ಬರಿಯ ಪಾರದರ್ಶಕ ಪಟ್ಟಿ ಉಳಿಯಿತು. ಅದರಲ್ಲಿ ಒಂದೊಂದು ಚೌಕವೂ ಕಿರುಬೆರಳ ಉಗುರಿನಷ್ಟು. ಒಂದು ಸೆಕೆಂಡಿಗೆ ಅಂಥವು ಇಪ್ಪತ್ತನಾಲ್ಕು ಬೇಕು ಅಂತ ನಜೀರ್ ಸರ್ ಹೇಳಿದಾಗ, ಇವರು ಕೈಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ನಜೀರ್ ಸರ್ ಗಾಜಿನ ಮೇಲೆ ಬಳಿಯುವ ಬಣ್ಣ ತಂದುಕೊಡುತ್ತೇನೆ ಅಂದರೂ ಇವರು ಬೇಡವೆಂದರು. ನಮ್ಮ ಅರಗೇ ಆಗಬೇಕು, ಸಿರಿ ಆಡಿದ ಬಣ್ಣವೇ ಆಗಬೇಕು ಅಂದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬೊಂಬೆಯ ಕಣ್ಣು ಬರೆಯುವ ಸಣ್ಣ ಕುಂಚದಲ್ಲಿ ಹಚ್ಚುತ್ತಿದ್ದರು. ಏನು ಬರೆಯುತ್ತಿದ್ದೀರಿ ಅಂತ ಕೇಳಿದರೆ ಹಬ್ಬದ ದಿನ ನೋಡು ಅನ್ನುತ್ತಿದ್ದರು. ಭಾದ್ರಪದದ ಮಳೆ ತಗಡಿನ ಮೇಲೆ ಹೊಯ್ಯುತ್ತಿತ್ತು. ಅರಗು ಸರಿಯಾಗಿ ಆರುತ್ತಿರಲಿಲ್ಲ. ಮಧ್ಯಾಹ್ನ ಊಟ ತೆಗೆದುಕೊಂಡು ಹೋದರೆ ಹಗ್ಗದ ಮೇಲೆಲ್ಲ ಆ ಪಟ್ಟಿ ನೇತಾಡುತ್ತಿತ್ತು. ನಾನು ನೋಡಬಾರದೆಂದು ಮೇಲೆ ಟವೆಲ್ ಹೊದಿಸುತ್ತಿದ್ದರು.

ಊರಿಗೆ ಹೋಗುತ್ತೇನೆ ಅಂತ ಕಟ್ಟಿಟ್ಟ ಬ್ಯಾಗು ಹಾಗೇ ಇತ್ತು. ಬಿಚ್ಚಲೂ ಇಲ್ಲ, ಎತ್ತಲೂ ಇಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ನಜೀರ್ ಸರ್ ಬಂದು, ಒಂದು ಸಲ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡೋಣ, ಎಲ್ಲಾದರೂ ಸಿಕ್ಕಿಕೊಂಡರೆ ಸರಿಮಾಡಬಹುದು ಅಂದರು. ನಮ್ಮನೆಯವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಎಡೆಗೆ ಇಕ್ಕೋದ್ನ ಮೊದ್ಲೇ ಯಾರಾದ್ರೂ ರುಚಿ ನೋಡ್ತಾರಾ ಸಾ?" ಅಂದರು.

ಆಗ ನನಗೆ ಅವರು ಏನು ಮಾಡುತ್ತಿದ್ದಾರೆ ಅಂತ ಗೊತ್ತಾಯಿತು. ಅವ್ವನ ಮಾತನ್ನೂ ಮೀರದೆ, ನನ್ನ ಮಾತನ್ನೂ ಬಿಡದೆ, ಮಗಳಿಗೆ ಎಡೆ ಇಡಲು ಅವರಿಗೆ ಕಂಡ ದಾರಿ ಅದು. ಹಬ್ಬದ ಅಡುಗೆಯನ್ನು ನಮ್ಮಲ್ಲಿ ಉಪ್ಪು ಸರಿಯಿದೆಯಾ ಅಂತ ಕೂಡ ನಾಲಿಗೆಗೆ ಹಾಕಿ ನೋಡುವುದಿಲ್ಲ. ಉಪ್ಪು ಹೆಚ್ಚಾದರೆ ಹಿರಿಯರು ಹೊಂದಿಸಿಕೊಳ್ಳುತ್ತಾರೆ. ನಾನು ಒಳಗೆ ಹೋಗಿ ಬ್ಯಾಗಿನಿಂದ ಸೀರೆಗಳನ್ನು ತೆಗೆದು ವಾಪಸ್ ಬೀರುವಿನಲ್ಲಿಟ್ಟೆ.

ಅಮಾವಾಸ್ಯೆಯ ದಿನ ಬೆಳಗ್ಗೆಯಿಂದ ಮಳೆ ಬಿಟ್ಟಿತ್ತು. ಅತ್ತೆ ಮಾಂಸದ ಸಾರು, ಕಜ್ಜಾಯ, ವಡೆ ಎಲ್ಲ ಮಾಡಿದರು. ತೀರಿಕೊಂಡ ಮಾವನಿಗೆ ಬೀಡಿ ಕಟ್ಟು, ಒಂದು ಹೊಸ ಪಂಚೆ. ಸಂಜೆ ನಜೀರ್ ಸರ್ ಆಟೋದಲ್ಲಿ ಪ್ರೊಜೆಕ್ಟರ್ ತಂದು ನಮ್ಮ ಹಿತ್ತಲ ಕಡೆಯ ಲೇತ್ ಶೆಡ್ಡಿನಲ್ಲಿಟ್ಟರು. ಗೋಡೆಯೆಲ್ಲ ಅರಗಿನ ಕಲೆ. ಬಿಳಿ ಬಟ್ಟೆ ಬೇಕಾಯಿತು. ನಮ್ಮನೆಯವರು ಬಂದು ಅತ್ತೆಯ ಮುಂದೆ ನಿಂತರು. ಬರೀ ಒಂದು ಸಿನಿಮಾ ಕಣವ್ವ, ಎಡೆ ಅಲ್ಲ ಅಂದರು. ಅತ್ತೆ ಮಗನ ಮುಖವನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. ಎಡೆಗೆಂದು ತೆಗೆದಿಟ್ಟಿದ್ದ ಹೊಸ ಪಂಚೆಯನ್ನೇ ಎತ್ತಿಕೊಟ್ಟರು.

"ಈ ವರ್ಸ ಹಳೇ ಪಂಚೇಲೇ ಉಣ್ಲಿ ಬುಡು ನಿಮ್ಮಪ್ಪ. ಮೊಮ್ಮಗ್ಳಿಗೆ ಅಂದ್ರೆ ಏನೂ ಅನ್ನಾಕಿಲ್ಲ."

ಎಡೆ ಇಟ್ಟು, ಬಾಗಿಲು ಎಳೆದುಕೊಂಡು, ನಾವು ಮೂವರೂ ಶೆಡ್ಡಿಗೆ ಬಂದೆವು. ಮನೆಯೊಳಗೆ ಹಿರಿಯರು ಉಣ್ಣುವ ಹೊತ್ತು. ಶೆಡ್ಡಿನ ನೆಲದ ವಿಷಯ ಹೇಳಬೇಕು. ಮಳೆ ಬಂದರೆ ಹೊರಗೆ ಆಡಲಾಗುವುದಿಲ್ಲ ಅಂತ ಸಿರಿ ಅಳುತ್ತಾಳೆಂದು ನಮ್ಮನೆಯವರು ಆ ಸಿಮೆಂಟ್ ನೆಲದ ಮೇಲೆ ಉಳಿಯಿಂದ ಗೀರಿ ಕುಂಟೆಬಿಲ್ಲೆಯ ಮನೆಗಳನ್ನು ಮಾಡಿಕೊಟ್ಟಿದ್ದರು. ಕೆಟ್ಟುಹೋದ ಒಂದು ಬೊಂಬೆಗಾಡಿಯ ಕೆಂಪು ಚಕ್ರ ಅವಳ ಬಿಲ್ಲೆ. ಒಂದು, ಎರಡು ಕುಂಟಿಕೊಂಡು ಹೋಗುವಳು. ಮೂರನೇ ಮನೆಯಲ್ಲಿ ಒಂಟಿ ಕಾಲಿನಲ್ಲೇ ನಿಂತು, ಅಪ್ಪ ನೋಡುತ್ತಿದ್ದಾನಾ ಅಂತ ತಿರುಗಿ ನೋಡಿ, ಆಮೇಲೆ ಮುಂದಕ್ಕೆ. ಪ್ರತಿ ಸಲವೂ ಹಾಗೆಯೇ. ಆ ಗೀರುಗಳ ಮೇಲೇ ಅತ್ತೆಗೆ ಸ್ಟೂಲ್ ಹಾಕಿದೆ. ಅವರು ಅದನ್ನು ನೋಡಿ, ಸ್ಟೂಲನ್ನು ಪಕ್ಕಕ್ಕೆ ಎಳೆದುಕೊಂಡು ಕೂತರು.

ಲೈಟು ಆರಿಸಿದರು. ಪ್ರೊಜೆಕ್ಟರು ಕಟಕಟ ಅನ್ನತೊಡಗಿತು.

ಮೊದಲು ಹಳದಿ. ಪಂಚೆ ತುಂಬ ಹಳದಿ, ಅರಿಶಿನ ಕಲಸಿದಂಥ ಹಳದಿ. ಸಿರಿಯ ಮರದ ಬಳೆಗೆ ಬಣ್ಣ ಹಾಕುವಾಗ ಅಪ್ಪ ಯಾವ ಬಣ್ಣ ಮೊದಲು ಅಂತ ಕೇಳಬೇಕು, ಅವಳು ಹಳದಿ ಅನ್ನಬೇಕು. ಆಮೇಲೆ ಹಸಿರು ಗೆರೆ. ಇಲ್ಲೂ ಹಳದಿಯ ಮೇಲೆ ಹಸಿರು ಗೆರೆಗಳು ನಡುಗುತ್ತಾ ಬಂದವು, ಅಡ್ಡ, ಉದ್ದ. ನೋಡನೋಡುತ್ತಿದ್ದ ಹಾಗೆ ಅವು ಮನೆಗಳಾದವು. ಆಮೇಲೆ ಕೆಳಗಿನ ಮೂಲೆಯಿಂದ ಒಂದು ಕೆಂಪು ಚುಕ್ಕಿ ಬಂತು.

ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ. ಬರೀ ಚುಕ್ಕಿ. ಒಂದನೇ ಮನೆಗೆ ನೆಗೆಯಿತು. ಎರಡನೇ ಮನೆಗೆ ನೆಗೆಯಿತು. ಮೂರನೇ ಮನೆಯಲ್ಲಿ ನಿಂತು, ಇಷ್ಟೇ ಇಷ್ಟು ಅಲುಗಿತು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ನಮ್ಮ ಸಿರಿ," ಅಂದರು.

ನಾನು ಎಷ್ಟೋ ತಿಂಗಳಿಂದ ಅತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ, ಮಣ್ಣು ಹಾಕುವಾಗಲೂ ಅತ್ತಿರಲಿಲ್ಲ ಅಂತ ಜನ ಆಡಿಕೊಂಡಿದ್ದರು. ಆ ಚುಕ್ಕಿಯನ್ನು ನೋಡಿ ಅತ್ತುಬಿಟ್ಟೆ. ಅವಳೇ ಅದು. ಫೋಟೋದಲ್ಲಿ ಕೂಡ ಅಷ್ಟು ಅವಳ ಹಾಗಿರಲಿಲ್ಲ. ಇಷ್ಟು ಪುಟ್ಟ ಚೌಕಗಳಲ್ಲಿ, ಒಂದು ನೆಗೆತಕ್ಕೆ ಎಷ್ಟು ಸಲ ಆ ಚುಕ್ಕಿ ಇಟ್ಟಿದ್ದರೋ ನಮ್ಮನೆಯವರು. ಚುಕ್ಕಿ ನಾಲ್ಕನೇ ಮನೆಗೆ ಹೋಯಿತು, ಐದನೇ ಮನೆಗೆ ಹೋಯಿತು. ಮೇಲಿನ ಕೊನೇ ಮನೆಗೆ ಹೋಗಿ ನಿಂತಿತು.

ನಿಂತೇ ಇತ್ತು. ಸುಧಾರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಆ ಕೆಂಪು ಅಂಚಿನಲ್ಲಿ ಕಪ್ಪಾಯಿತು, ಉಬ್ಬಿತು, ಹಸಿರು ಗೆರೆಗಳೆಲ್ಲ ಅದರ ಕಡೆಗೆ ಜಾರಿದವು. ಹಳದಿ ಕುದಿಯತೊಡಗಿತು. ಪಂಚೆಯ ನಡುವೆ ಒಂದು ತೂತು ಬಿತ್ತು, ದೊಡ್ಡದಾಯಿತು, ಅದರಿಂದ ಬರೀ ಬಿಳಿ ಬೆಳಕು ಬಂತು. ಅರಗಿನ ವಾಸನೆ, ಅದರ ಜೊತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಶೆಡ್ಡು ತುಂಬಿಕೊಂಡಿತು. ನಜೀರ್ ಸರ್ ಹಾರಿ ಬಂದು ಸ್ವಿಚ್ಚು ಆರಿಸಿದರು.

ಆದದ್ದು ಇಷ್ಟು. ಮಳೆಗಾಲದಲ್ಲಿ ಪೂರ್ತಿ ಆರದ ಅರಗು, ಮೇಲಾಗಿ ದಪ್ಪವಾಗಿ ಕೂತಿತ್ತು. ಪಟ್ಟಿ ಪ್ರೊಜೆಕ್ಟರಿನೊಳಗೆ ಅಂಟಿಕೊಂಡಿತು. ಅಂಟಿಕೊಂಡದ್ದು ಬಲ್ಬಿನ ಮುಂದೆಯೇ ನಿಂತು ಕರಗಿ ಸುಟ್ಟುಹೋಯಿತು. ಬಿಸಿ ತಾಕಿದರೆ ಅರಗು ಕರಗುತ್ತದೆ ಅಂತ ನಮ್ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹುಟ್ಟಿದಾಗಿನಿಂದ ಅದರಲ್ಲೇ ಬದುಕಿದವರು. ಮಗಳಿಗೆ ಅಂತ ಕೂತಾಗ ಅದೊಂದು ನೆನಪಾಗಲಿಲ್ಲ. ಒಂದು ಸಲ ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಕತ್ತಲಲ್ಲಿ ನಮ್ಮನೆಯವರು ಉಸಿರಾಡುತ್ತಿರುವುದು ಮಾತ್ರ ಕೇಳುತ್ತಿತ್ತು. ನಜೀರ್ ಸರ್ ತಪ್ಪಾಯ್ತು ಅನ್ನಲು ಬಾಯಿ ತೆಗೆದರು ಅಂತ ಕಾಣುತ್ತೆ. ಅಷ್ಟರಲ್ಲಿ ಅತ್ತೆ ಅಂದರು.

"ತಕ್ಕಂಡ್ಳು."

ಸುಟ್ಟದ್ದು ಕೆಟ್ಟದ್ದು ಅವರಿಗೆ ಗೊತ್ತಿಲ್ಲ. ಬೆಳಕು ಬಂದು ಬಣ್ಣವನ್ನು ತಿಂದದ್ದನ್ನು ಅವರು ಕಣ್ಣಾರೆ ನೋಡಿದ್ದರು. ಎಷ್ಟು ವರ್ಷ ಎಡೆ ಇಟ್ಟು ಬಾಗಿಲು ಎಳೆದರೂ ಯಾರು ತಾನೇ ನೋಡಿದ್ದಾರೆ, ಹಿರಿಯರು ಉಣ್ಣುವುದನ್ನು? ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಸಣ್ಣ ದನಿಯಲ್ಲಿ, "ನಿಮ್ಮಪ್ಪ ಇಕ್ಕಿದ್ನ ಪೂರಾ ತಕ್ಕಂಡ್ಳು ಕಣವ್ವ. ಇನ್ ಹೋಗ್ಲಿ ಬುಡು," ಅಂದರು. ನಿಮ್ಮಪ್ಪ ಅಂದದ್ದು ನನ್ನ ಅಪ್ಪನನ್ನಲ್ಲ, ಸಿರಿಯ ಅಪ್ಪನನ್ನು. ಅವರು ಸಿರಿಯ ಜೊತೆ ಮಾತಾಡುತ್ತಿದ್ದರೋ, ನನ್ನ ಜೊತೆಯೋ, ಅವರಿಗೇ ಗೊತ್ತಿರಲಿಲ್ಲ. ನಾನು ಹೂಂ ಅಂದೆ. ನನ್ನ ಬಾಯಿಂದ ಆ ಹೂಂ ಹೇಗೆ ಬಂತೋ.

ಮಿಕ್ಕದ್ದನ್ನೂ ನೋಡೋಣವಾ ಅಂತ ಮರುದಿನ ನಾನೇ ನಮ್ಮನೆಯವರನ್ನು ಕೇಳಿದೆ. ಸುಟ್ಟಿದ್ದು ಒಂದು ಗೇಣಷ್ಟೇ, ಅರ್ಧ ರೀಲು ಹಾಗೇ ಉಳಿದಿದೆ, ಕತ್ತರಿಸಿ ಅಂಟಿಸಿದರೆ ಮಿಕ್ಕದ್ದು ನೋಡಬಹುದು ಅಂತ ನಜೀರ್ ಸರ್ ಹೇಳಿದ್ದರು. ಎಡೆ ಎತ್ತಿದ ಮೇಲೆ ಮತ್ತೆ ಇಕ್ತಾರೇನೇ ಅಂತ ಹೇಳಿ ನಮ್ಮನೆಯವರು ರೀಲನ್ನು ಸುತ್ತಿ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಏರಿಸಿದರು. ಮತ್ತೆ ನಾವು ಅದರ ಮಾತೆತ್ತಲಿಲ್ಲ. ನಮಗೆ ಇನ್ನೊಂದು ಮಗುವೂ ಆಗಲಿಲ್ಲ. ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಈಗ ಅವರಿಗೆ ಎಡೆ ಇಡುತ್ತೇವೆ, ಎಲೆ ಅಡಿಕೆ ಸುಣ್ಣದ ಜೊತೆ. ಪ್ರತಿ ವರ್ಷ ಬಾಗಿಲು ಎಳೆಯುವಾಗ, ಅತ್ತೆ, ಅವಳು ಹುಟ್ಟಿದಳಾ, ಯಾರ ಮನೆಯಲ್ಲಿ ಅಂತ ಕೇಳಬೇಕು ಅನಿಸುತ್ತದೆ. ಕೇಳುವುದಿಲ್ಲ. ನಜೀರ್ ಸರ್ ಮಗನ ಜೊತೆ ಮೈಸೂರಿನಲ್ಲಿದ್ದಾರೆ. ಈಗ ಅಂಥ ಸಿನಿಮಾಗಳು ಬೇಕಾದರೆ ಮೊಬೈಲಿನಲ್ಲೇ ಸಿಗುತ್ತವೆ. ಒಂದೊಂದು ಸಲ ಹುಡುಕಿ ನೋಡುತ್ತೇನೆ. ಚೆನ್ನಾಗಿರುತ್ತವೆ. ಬೇಯಿಸಿದ ಗೂಡಿನ ವಾಸನೆ ಇರುವುದಿಲ್ಲ ಅಷ್ಟೆ.

ಹೊಸ್ತಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದೆ. ಇಷ್ಟು ಬೇಸಿಗೆಯ ಕಾವಿಗೆ ಅರಗೆಲ್ಲ ಮೆತ್ತಗಾಗಿ, ಒಂದು ಸುತ್ತು ಇನ್ನೊಂದಕ್ಕೆ ಹಿಡಿದುಕೊಂಡು, ರೀಲು ಒಂದೇ ಗಟ್ಟಿಯಾಗಿತ್ತು. ತುದಿ ಎಲ್ಲಿದೆ ಅಂತಲೂ ಸಿಗಲಿಲ್ಲ. ಉಗುರಿನಲ್ಲಿ ಕೆದಕಿದೆ, ಬರಲಿಲ್ಲ. ಇಷ್ಟು ದಿನ ಬಾಯಿಗೆ ಬಾರದ ಮಾತು ಆಗ ಬಂತು.

"ಮಿಕ್ಕಿದ್ರಲ್ಲಿ ಏನಿತ್ರೀ?"

ನಮ್ಮನೆಯವರು ಲೇತಿನ ಬೋಲ್ಟು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. ನೆಲದ ಮೇಲಿನ ಗೀರುಗಳನ್ನು ನೋಡಿದರು. ನಾಳೆ ಆ ನೆಲವನ್ನೂ ಒಡೆಯುತ್ತಾರೆ.

"ವಾಪಸ್ ಬರೋದು ಕಣೆ," ಅಂದರು. "ಕುಂಟೆಬಿಲ್ಲೇಲಿ ಕೊನೇ ಮನೆ ಮುಟ್ಟಿದ್ಮೇಲೆ ವಾಪಸ್ ಬರ್ಬೇಕಲ್ವಾ. ಮೂರ್ನೇ ಮನೇಲಿ ನಿಂತ್ಕಂಡು, ಈ ಸಲ ನಿನ್ ಕಡೆ ನೋಡ್ತಾಳೆ."

ಸಾಮಾನೆಲ್ಲ ಟೆಂಪೋಗೆ ಏರಿಸಿದ ಮೇಲೆ ಡ್ರೈವರು, ಆ ಡಬ್ಬೀನೂ ಕೊಡಿ ಅಕ್ಕ, ಹಿಂದೆ ಇಡ್ತೀನಿ ಅಂದ. ಬೇಡ ಅಂದೆ. ಕನಕಪುರ ಬರುವ ತನಕ ಅದನ್ನು ಮಡಿಲಿನಿಂದ ಇಳಿಸಲಿಲ್ಲ.